ಇಪ್ಪತ್ತೆಂಟು ಇಂಚು

ಬೇಸಿಗೆಯ ಉದ್ದನೆ ಗಾಳದ ಕೋಲು
ಪಿಕಪ್ಪಿನ ಬಾಗಿಲಿಗೆ ಸಿಕ್ಕಿ ಲಟಕ್ಕೆಂದಿತು.
ಎಸೆಯಲು ಹೊರಟವಳನ್ನು ಪಕ್ಕದ ಮನೆಯ ಲಾಕ್ಸ್‌ಡಾಲ್ ತಡೆದ:
'ತುದಿಯ ಕಡೆ ಮುರಿದಿದೆಯಲ್ಲ ಸಿಗ್ರುನ್,
ಹಾಗಾದರೆ ಅದು ಮುರಿದದ್ದಲ್ಲ,
ಚಳಿಗಾಲದ ಕಡೆ ಹೊರಟದ್ದು.'

ಗಿಮ್ಲಿಯಲ್ಲಿ ನವೆಂಬರ್ ಎಂದರೆ
ಸರೋವರ ಹೌದೂ ಅನ್ನದ, ಇಲ್ಲವೂ ಅನ್ನದ ತಿಂಗಳು.
ದಡದಲ್ಲಿ ಗಾಜಿನ ಹರಳು, ನಡುವೆ ಕರಿನೀರು.
ಮಂಜುಗಡ್ಡೆ ಇನ್ನೂ ಹೊರದವರು
ನೆಲಮಾಳಿಗೆಯಲ್ಲಿ ಕೂತು ಕೋಲು ಕಟ್ಟುತ್ತಾರೆ.

ನಾನು ಮೂವತ್ತೊಂದು ವರ್ಷ ಕಟ್ಟಿದ್ದು ಹಲ್ಲಿನ ಸೆಟ್ಟು.
ಈ ಊರಲ್ಲಿ ಕಡಲೆ ಇದ್ದವರಿಗೆಲ್ಲ
ಹಲ್ಲು ಕೊಟ್ಟವಳು ನಾನೇ.
ಆಮೇಲೆ ಕ್ಲಿನಿಕ್ಕಿಗೆ ಒಂದು ಯಂತ್ರ ಬಂತು,
ಕೇಕ್ ಕೊಯ್ದರು, ಗಡಿಯಾರ ಕೊಟ್ಟರು.
ನಿವೃತ್ತಿಯ ಸುದ್ದಿ ಬೆರಳುಗಳಿಗೆ ಯಾರೂ ತಿಳಿಸಲಿಲ್ಲ.

ಮೊದಲು ಬೆನ್ನೆಲುಬು ಹುಡುಕಬೇಕು.
ಇಪ್ಪತ್ತೆಂಟು ಇಂಚಿಗೆ ಕೊಯ್ದ ತುಂಡನ್ನು
ಮೇಜಿಗೆ ಊರಿ, ಬಗ್ಗಿಸಿ, ಅಂಗೈಯಡಿ ಉರುಳಿಸಿದರೆ
ಒಂದು ಕಡೆ ಬಂದಾಗ ತಾನೇ ಚಂಗನೆ ತಿರುಗಿ ಕೂರುತ್ತದೆ,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.
ಅಲ್ಲಿ ಸೀಮೆಸುಣ್ಣದ ಗೀಟು.
ಕಡ್ಡಿಗೂ ಒಂದು ಇಷ್ಟದ ಮಗ್ಗುಲಿದೆ ಎಂದು
ನನಗೆ ತಿಳಿದದ್ದು ಅರವತ್ತೆರಡಕ್ಕೆ.

ಕಾರ್ಕಿನ ಬಿಲ್ಲೆಗಳ ನಡುವೆ ತೂತು. ಗುಂಡು ಅರದಿಂದ
ಒಂದು ಸುತ್ತು ಉಜ್ಜಿ, ಒಮ್ಮೆ ತೊಡಿಸಿ ನೋಡಿ,
ಮತ್ತೆ ಅರ್ಧ ಸುತ್ತು. ಆತುರಪಟ್ಟರೆ ಹಿಡಿ ಕುಲುಕುತ್ತದೆ,
ಸಡಿಲ ಸೆಟ್ಟಿನ ಹಾಗೆ,
ಮದುವೆ ಊಟದ ನಡುವೆ ಮಾನ ಕಳೆಯುತ್ತದೆ.

ಉಂಗುರ ಐದು. ತುದಿಯತ್ತ ಹೋದಷ್ಟೂ ಹತ್ತಿರ ಹತ್ತಿರ.
ನೂಲಿನ ಉಂಡೆ ಚಹಾ ಲೋಟದಲ್ಲಿ,
ನೂಲು ಹಾಯುವುದು ಹಳೆಯ ಟೆಲಿಫೋನ್ ಡೈರೆಕ್ಟರಿಯ ಹಾಳೆಗಳ ನಡುವೆ,
ಅದರ ಭಾರವೇ ಬಿಗಿ.
ಸತ್ತ ನಂಬರುಗಳ ಒಳಗಿಂದ ಕೆಂಪು ನೂಲು ಎಳೆಯುತ್ತ
ಸುತ್ತಿದೆ, ಎಳೆಗೆ ಎಳೆ ತಾಗಿಸಿ.
ಗಂಟು ಹಾಕುವಂತಿಲ್ಲ. ಕೊನೆಯ ಎಳೆಯನ್ನು
ಅದರದೇ ಸುತ್ತುಗಳಡಿ ನುಗ್ಗಿಸಿ, ಎಳೆದು, ಕತ್ತರಿಸಿ,
ಚಮಚದ ಬೆನ್ನಿನಿಂದ ತಿಕ್ಕಿದರೆ
ಎಲ್ಲಿ ಮುಗಿಯಿತೆಂದು ನನಗೇ ಗೊತ್ತಾಗದು.

ಎಪಾಕ್ಸಿಗೆ ಮಾತ್ರ ಹೊತ್ತು ಗೊತ್ತು.
ಸಮಸಮ ಬೆರೆಸಿ, ಗುಳ್ಳೆ ಏಳದಂತೆ ಮೆಲ್ಲಗೆ ಕಲಸಿ,
ಬಳಿದು, ತಿರುಗಿಸುತ್ತಲೇ ಇರಬೇಕು.
ಮೋಟರ್ ಇರಲಿಲ್ಲ. ಕೈ ಇತ್ತು.
ರೇಡಿಯೋದಲ್ಲಿ ಹಾಕಿ ಪಂದ್ಯವಿತ್ತು.
ಎರಡನೇ ಗಂಟೆಗೆ ಫೋನು, ಕ್ಲಿನಿಕ್ಕಿನ ಹುಡುಗ:
'ಯಂತ್ರ ಹಲ್ಲು ಮಾಡಿದೆ ಮೇಡಂ, ಚೆನ್ನಾಗಿಯೇ ಇದೆ,
ಕಚ್ಚು ಮಾತ್ರ ಕೂರುತ್ತಿಲ್ಲ. ಒಮ್ಮೆ ಬಂದು...'
'ಈಗಾಗದು, ತಿರುಗಿಸುತ್ತಿದ್ದೇನೆ' ಎಂದೆ.
'ಏನನ್ನು?' ಎಂದ.
ನಗು ಬಂತು, ಬೆರಳು ನಿಂತಿತು, ಅಷ್ಟೇ ಹೊತ್ತು.
ಮೂರನೇ ಉಂಗುರದ ಕೆಳಗೆ ಒಂದು ಹನಿ
ಬೀಳಲೋ ಬೇಡವೋ ಎನ್ನುತ್ತ ಅಲ್ಲೇ ಗಟ್ಟಿಯಾಯಿತು.

ಜನವರಿ. ಎರಡಡಿ ಮಂಜುಗಡ್ಡೆ.
ಬೈರಿಗೆ ಇಳಿದಾಗ ತೂತಿನಿಂದ ನೀರು ಉಕ್ಕಿ
ಬೂಟಿನ ಸುತ್ತ ಬೂದು ಕೆಸರಾಯಿತು.
ಲಾಕ್ಸ್‌ಡಾಲ್ ಕೋಲು ಇಸಿದುಕೊಂಡು, ಒಂದು ಕಣ್ಣು ಮುಚ್ಚಿ
ಉಂಗುರಗಳ ಸಾಲು ನೋಡಿದ. ಕೈಗವಸು ಕಳಚಿ
ಹೆಬ್ಬೆರಳಿಂದ ಆ ಹನಿ ಸವರಿದ.
'ಇದಕ್ಕೆ ಹಲ್ಲು ಮೂಡಿದೆ' ಎಂದು ಹಿಂದೆ ಕೊಟ್ಟ.

ಒಂದು ಗಂಟೆ ಏನೂ ಇಲ್ಲ.
ಗಾಳಿ. ಫ್ಲಾಸ್ಕಿನ ಕಾಫಿ. ಮೀಸೆಯ ಮೇಲೆ ಅವನ ಉಸಿರಿನ ಹರಳು.
ಆಮೇಲೆ ತುದಿ ಅಲುಗಿತು, ಅಲುಗಿತು ಅನ್ನುವಷ್ಟೂ ಅಲ್ಲ,
ಹೂಂಗುಟ್ಟಿತು.
ಮೇಲೆ ಬಂದ ಪಿಕರೆಲ್ ಹಸಿರು ಬೆನ್ನಿನದು, ಹಾಲುಗಣ್ಣಿನದು.
ಅಭ್ಯಾಸಬಲ, ತುಟಿ ಎತ್ತಿ ನೋಡಿದೆ.
ಮೇಲಿನ ಸಾಲು, ಕೆಳಗಿನ ಸಾಲು,
ಯಾರೂ ಅಳೆಯದೆ, ಯಾರೂ ಉಜ್ಜದೆ,
ಕಚ್ಚು ಸರಿಯಾಗಿತ್ತು.