ಪಿಸಿಲಾಳ ಉದ್ರಿ ಪುಸ್ತಕ

ಕಡಲ ತಳದಲ್ಲಿ ಬೆಟ್ಟವೊಂದು ಕೆಮ್ಮಿತು, ಅಷ್ಟೇ.
ನಡುಹಗಲೇ ಕತ್ತಲು. ದೀವಿಹಲಸಿನ ಎಲೆಗಳ ಮೇಲೆ
ಜರಡಿ ಹಿಡಿದ ಹಿಟ್ಟಿನಂತೆ ಬೂದಿ.
ಸಂಜೆಗೆ ನನ್ನ ಕೌಂಟರಿನ ಪರದೆಯಲ್ಲಿ
ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು.

ನನ್ನದು ಸಣ್ಣ ಕೆಲಸ. ಆಕ್ಲೆಂಡಿನಿಂದ ಅಣ್ಣ ಕಳಿಸಿದ್ದನ್ನು,
ಸಿಡ್ನಿಯಿಂದ ಅತ್ತಿಗೆ ಕಳಿಸಿದ್ದನ್ನು
ಎರಡು ಸಲ ಎಣಿಸಿ ಕಿಂಡಿಯಿಂದ ಆಚೆ ಚಾಚುವುದು.
ಕಡಲಡಿಯ ತಂತಿ, ತೋಳಿನಷ್ಟೂ ದಪ್ಪವಿಲ್ಲವಂತೆ.
ನಮ್ಮ ಅಕ್ಕಿ, ಸೀಮೆಎಣ್ಣೆ, ಶಾಲೆಯ ಫೀಸು
ಅದರ ಮೇಲೆ ನಡೆದು ಬರುತ್ತಿದ್ದವೆಂದು
ಕಡಿದ ಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಪೆನಿಸಿಮಾನಿ ಮಾವ
ಯಾರನ್ನೂ ಕೇಳದೆ ಚರ್ಚಿನ ಸೂರೇರಿದ.
"ಮಳೆಗೆ ಮೊದಲು ಬೂದಿ ಇಳಿಯಬೇಕು,
ಇಲ್ಲವಾದರೆ ತೊಟ್ಟಿಯ ನೀರು ಹೋಯಿತು."
ಎಪ್ಪತ್ತೊಂದು ವಯಸ್ಸು, ಮಂಡಿ ಸರಿಯಿಲ್ಲ.
ಕೆಳಗೆ ನಿಂತು ಬೈಯುತ್ತಿದ್ದ ಹೆಂಡತಿಯೇ
ಆಮೇಲೆ ಕಡ್ಡಿಪೊರಕೆ ಹಿಡಿದು ಪಕ್ಕದ ಸೂರೇರಿದಳು.
ಹೊತ್ತು ಮುಳುಗುವುದರೊಳಗೆ ನಲವತ್ತಾರು ಸೂರು.
ನಮ್ಮ ಮೂಗಲ್ಲಿ, ಹಲ್ಲಿನ ಸಂದಿಯಲ್ಲಿ, ಬೈಬಲಿನ ಹಾಳೆಗಳಲ್ಲಿ
ಬೂದಿ; ತೊಟ್ಟಿಯಲ್ಲಿ ಮಾತ್ರ ಇಲ್ಲ.

ಪಿಸಿಲಾಳ ಅಂಗಡಿಯ ಬಾಗಿಲಲ್ಲಿ ಹಲಗೆಯೊಂದಿತ್ತು:
ಇಂದು ನಗದು, ನಾಳೆ ಉದ್ರಿ.
ಮೂರನೆಯ ದಿನ ಅದನ್ನು ಕಿತ್ತು
ಒಡೆದ ಕಿಟಕಿಗೆ ಅಡ್ಡ ಇಟ್ಟು ಮೊಳೆ ಹೊಡೆದಳು.
ಮೊಮ್ಮಗನ ಗಣಿತದ ನೋಟುಪುಸ್ತಕ ಮಗುಚಿ
ಹಿಂಬದಿಯಿಂದ, ಪೆನ್ಸಿಲಿನಲ್ಲಿ:
ಹೆಕಿಸೌ, ಅಕ್ಕಿ ಎರಡು ಕಿಲೊ.
ಕಲೋಲೈನೆ, ಬೆಂಕಿಪೊಟ್ಟಣ ನಾಲ್ಕು.
ಸೂಲಗಿತ್ತಿ ಫುಸಿ, ಸೋಪು. ಇದಕ್ಕೆ ದುಡ್ಡಿಲ್ಲ.
ನಗದು ಬಚ್ಚಿಟ್ಟುಕೊಂಡು ಉದ್ರಿ ಕೇಳಿದವನ ಹೆಸರಿನ ಪಕ್ಕ
ಒಂದು ಸಣ್ಣ ಮೀನು.
ಈ ಗುರುತು ಯಾಕೆಂದೆ.
"ಜಾರುತ್ತಾನೆ" ಅಂದಳು.

ಸತ್ತ ಪರದೆಯ ಹಿಂದೆ ನಾನು ಕೂತೇ ಇದ್ದೆ, ಸಂಬಳದ ಋಣ.
ಜನ ಬರುತ್ತಿದ್ದರು, ದುಡ್ಡಿಗಲ್ಲ.
"ಅಣ್ಣ ಕಳಿಸಿಯೇ ಇರುತ್ತಾನೆ, ಅಲ್ಲವಾ?"
"ಕಳಿಸಿಯೇ ಇರುತ್ತಾನೆ."
ಆ ದಿನಗಳಲ್ಲಿ ಕಿಂಡಿಯಿಂದ ಆಚೆ ನಾನು ಚಾಚಿದ್ದು ಅದೊಂದೇ,
ಎಣಿಸದೆ.

ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಹನ್ನೊಂದನೆಯ ದಿನ ಜನರೇಟರಿನ ಡೀಸೆಲ್ ತೀರಿ
ಸಕ್ಕರೆ ಕಾಯಿಲೆಯ ಸೂಜಿಮದ್ದು ಫ್ರಿಜ್ಜಿನಲ್ಲೇ ಕೆಟ್ಟಿತು.
ದೋಣಿಯಲ್ಲಿ ಮಲಗಿಸಿ ಕಳಿಸಿದ ಕಿಟಿಯೋನೆ ಮೇಷ್ಟ್ರು
ದೊಡ್ಡ ಬಂದರು ತಲುಪಲಿಲ್ಲ.
ಪುಸ್ತಕದಲ್ಲಿ ಅವರ ಹೆಸರಿನ ಮುಂದೆ: ಚಹಾಪುಡಿ, ಒಂದು.
ಪಿಸಿಲಾ ಅದರ ಮೇಲೆ ಗೀಟೆಳೆಯಲಿಲ್ಲ.

ಆಮೇಲೆ ರಾಜಧಾನಿಯಿಂದ ಅಧಿಕಾರಿಯೊಬ್ಬ ಬಂದ.
ಇಸ್ತ್ರಿಯ ಅಂಗಿ, ಸೊಂಟಕ್ಕೆ ಸುತ್ತಿದ ಚಾಪೆ, ಕೈಯಲ್ಲಿ ನಮೂನೆ.
"ಆಪತ್ತನ್ನು ತಾಳಿಕೊಳ್ಳಲು ನಿಮ್ಮ ಊರಿನ ವ್ಯವಸ್ಥೆ ಏನು?
ಮೂರು ಸಾಲಿನಲ್ಲಿ ಹೇಳಿ."
ಮೂರು ಸಾಲೂ ಬಹಳ ಹೊತ್ತು ಖಾಲಿ.
ಯಾರೋ ಅಂದರು, ಏಣಿ.
ಇನ್ಯಾರೋ, ಪೊರಕೆ.
"ಬೈಗುಳ" ಅಂದಳು ಪೆನಿಸಿಮಾನಿಯ ಹೆಂಡತಿ;
ಪಾಪ, ಆತ ಅದನ್ನೂ ಬರೆದುಕೊಂಡ.
ನಾನು ಕೇಳಿದೆ: ಎರಡನೆಯ ತಂತಿ ಯಾವಾಗ ಸ್ವಾಮಿ?
ಒಬ್ಬರಿಗೊಬ್ಬರು ಇದ್ದೇವೆ, ನಿಜ.
ಬಿಸಿಲಲ್ಲಿ ನಡೆಯುವ ಒಂದು ಫ್ರಿಜ್ಜು ಇಲ್ಲ.
ಪೆನ್ನು ನಿಂತಿತು.
ಕೇಳುವವರಿಗೆಂದು ನಮೂನೆಯಲ್ಲಿ ಜಾಗವಿರಲಿಲ್ಲ.
ಅಂಚಿನಲ್ಲಿ, ಅಡ್ಡಕ್ಕೆ, ಏನೋ ಗೀಚಿಕೊಂಡ.

ತಂತಿ ಬೆಸೆದ ಇರುಳು, ಪ್ರಾರ್ಥನೆಯ ನಡುವೆ,
ಎಲ್ಲರ ಜೇಬೂ ಒಮ್ಮೆಗೇ ಕೂಗಿತು. ಪಾದ್ರಿಯದೇ ಮೊದಲು.
ಬೆಳಗಾದರೆ ನನ್ನ ಕಿಂಡಿಯಿಂದ ಪಿಸಿಲಾಳ ಗಲ್ಲಾದವರೆಗೆ
ಜನರ ಒಂದೇ ಸಾಲು.
ಮೀನಿನವನೂ ಬಂದ, ಬಾಕಿಗಿಂತ ಹೆಚ್ಚೇ ಇಟ್ಟು
ಮೀನು ಅಳಿಸೆಂದ.
ರಬ್ಬರು ಇಲ್ಲ ಅಂದಳು.

ಈ ವಾರದ ಹಡಗಿಗೆ ಅವಳ ಪಟ್ಟಿ ಬರೆದುಕೊಟ್ಟವಳು ನಾನೇ:
ಅಕ್ಕಿ, ಸೋಪು, ಹಗ್ಗ,
ಗೆರೆ ಹಾಕಿದ ನೋಟುಪುಸ್ತಕ ಎರಡು ಡಜನ್,
ಪೆನ್ಸಿಲು. ಪೆನ್ನು ಬೇಡ,
ಒದ್ದೆಯಾದರೆ ಶಾಯಿ ಹರಡುತ್ತದೆ.
ಹಲಗೆ ಇನ್ನೂ ಕಿಟಕಿಯಲ್ಲೇ ಇದೆ,
ಅಕ್ಷರ ಒಳಮುಖವಾಗಿ.