ಎರಡೆರಡು ತಾಸು

ಒಂಬತ್ತು ವರ್ಷ ನಾನು ಜೀನ್ಸಿನ ಹಿಂಬದಿ ಜೇಬು ಹೊಲಿದೆ,
ಕೌಲ್‌ಬಜಾರಿನ ವಲೀಸಾಬರ ಶೆಡ್ಡಿನಲ್ಲಿ,
ರಾತ್ರಿ ಎಂಟರಿಂದ ಬೆಳಗಿನ ನಾಲ್ಕರ ತನಕ.
ಯಾವ ಊರಲ್ಲೋ ಯಾರ್ಯಾರೋ
ಪರ್ಸು ಇಟ್ಟು ಅದರ ಮೇಲೆ ಕೂತಿರಬಹುದು.
ನಾನಂತೂ ಐದಕ್ಕೆ
ಬೆರಳ ನೀಲಿ ತೊಳೆಯದೆ ಮಲಗುತ್ತಿದ್ದೆ.

ಈಗ ಪಾಲಿಕೆಯಲ್ಲಿ ನೀರು ಬಿಡುವ ಕೆಲಸ ಸಿಕ್ಕಿದೆ.
ಗುತ್ತಿಗೆಯೇ, ಆದರೂ ಕೆಲಸ.
ಒಂದನೇ ತಾರೀಖು, ಬೆಳಗಿನ ನಾಲ್ಕೂವರೆಗೆ
ಟ್ಯಾಂಕಿನ ಬುಡದಲ್ಲಿ ಇರಬೇಕು.
"ಎಂಟು ದಿನಕ್ಕೊಮ್ಮೆ ಬರೋ ನೀರು," ಅಂದ ಗಾದಿಲಿಂಗಪ್ಪ,
ಮೂವತ್ತು ವರ್ಷ ವಾಲ್ವು ತಿರುವಿದವನು,
"ನೀ ಹತ್ತು ನಿಮಿಷ ಹೆಚ್ಚಿಗಿ ಮಕ್ಕಂಡ್ರೆ
ಇಡೀ ಓಣಿ ನಿಮ್ಮವ್ವನ್ನ ನೆನಸ್ತೈತಿ."

ಮಲಗುವ ಹೊತ್ತಿಗೆ ಏಳಬೇಕು, ಲೆಕ್ಕ ಇಷ್ಟೇ.
ಮೊದಲು ನೇರ ದಾರಿ ನೋಡಿದೆ.
ಒಂಬತ್ತಕ್ಕೆ ದೀಪ ಆರಿಸಿ, ಬಿಸಿ ಹಾಲು ಕುಡಿದು,
ಅಂಗಾಲಿಗೆ ಹರಳೆಣ್ಣೆ ತಿಕ್ಕಿಸಿಕೊಂಡು
ತಗಡಿನ ಮೊಳೆ ಎಣಿಸಿದೆ, ಇನ್ನೂರ ಹನ್ನೆರಡು.
ಮೊಳೆ ಕಿತ್ತ ತೂತಿನಲ್ಲಿ ಒಂದು ಚುಕ್ಕಿ.
ಕಣ್ಣು ಮಾತ್ರ ಗಿರಾಕಿಯಿಲ್ಲದೆ
ಅಂಗಡಿ ತೆರೆದು ಕೂತಿತ್ತು.

ಹುಲಿಗೆಮ್ಮನೇ ಉಪಾಯ ಹೇಳಿದಳು:
"ಮಷೀನಿನ ಗಾಲಿ ಹಿಂದಕ್ಕ ತಿರುವಿದ್ರೆ ದಾರ ಹರೀತೈತಿ.
ಮುಂದಕ್ಕೇ ತಿರುವು."
ಐದರ ನಿದ್ದೆ ಏಳಕ್ಕೆ, ಏಳರದು ಒಂಬತ್ತಕ್ಕೆ,
ದಿನಕ್ಕೆ ಎರಡು ತಾಸು ತಳ್ಳುತ್ತ
ಗಡಿಯಾರದ ಸುತ್ತ ಬಳಸಿ
ರಾತ್ರಿ ಒಂಬತ್ತಕ್ಕೆ ಮನೆ ಸೇರು.

ಏಳರ ಬಳ್ಳಾರಿ ನನಗೆ ಗೊತ್ತಿರಲಿಲ್ಲ.
ಮಿರ್ಚಿ ಬಾಣಲೆಯ ಮುಂದೆ ಅಷ್ಟು ಜನ,
ಒಗ್ಗರಣೆಯ ತಟ್ಟೆ ಹಿಡಿದು ನಿಂತೇ ತಿನ್ನುವವರು,
ಒದ್ದೆ ತಲೆ ಬಾಚಿಕೊಂಡು
ಎಲ್ಲರೂ ನಿನ್ನೆಯನ್ನು ಮುಗಿಸಿ ಬಂದವರು.
ನಾನೊಬ್ಬನೇ ಅದನ್ನಿನ್ನೂ ಉಟ್ಟುಕೊಂಡಿದ್ದೆ.

ಮರುದಿನ ಎಂಟೂವರೆಗೆ ಮಗಳು ಅಂಬಿಕಾ
ಬ್ಯಾಗಿನ ಜಿಪ್ಪನ್ನು ಹಲ್ಲು ಹಲ್ಲಾಗಿ ಎಳೆಯುತ್ತಿದ್ದಳು,
ಸದ್ದಾಗದಂತೆ, ತುದಿಗಾಲಲ್ಲಿ,
ನಾನು ಎದುರಿಗೇ ಕೂತಿದ್ದರೂ.
"ಎದ್ದೇ ಅದೀನಿ, ಜೋರಾಗಿ ಎಳಿ," ಅಂದೆ.
ಎಳೆದಳು. ಮುಚ್ಚಿದಳು. ಮತ್ತೆ ಎಳೆದಳು.
ಶಾಲೆಗೆ ತಡವಾಯಿತು.

ಹನ್ನೊಂದರ ದಿನ, ನೆರಳು ಕಾಲ ಬುಡಕ್ಕೆ ಸರಿಯುವುದನ್ನು ಕಂಡೆ.
ಒಂದರ ದಿನ, ಈ ಬಿಸಿಲಿಗೆ
ಕೋಟೆಗುಡ್ಡವೂ ಮಗ್ಗುಲು ಬದಲಿಸೀತು ಅನ್ನಿಸಿತು.
ತೂಕಡಿಸಬಾರದೆಂದು ಬಕೆಟ್ಟಿಗೆ ಮುಖ ಅದ್ದಿದೆ.
ಆ ನೀರು ಯಾವತ್ತು ಬಿಟ್ಟದ್ದು,
ಯಾರು ನಿದ್ದೆಗೆಟ್ಟು ಬಿಟ್ಟದ್ದು,
ಮೊದಲ ಸಲ ಯೋಚನೆ ಬಂತು.

ಐದನೇ ದಿನ ಜಗಳ. ಯಾಕೆಂದು ನೆನಪಿಲ್ಲ,
ಚಟ್ನಿಪುಡಿಯ ಡಬ್ಬಿಗೆಂದು ಕಾಣುತ್ತದೆ.
ನಿದ್ದೆಗೆಟ್ಟವನ ಮಾತಿಗೆ ಬಾಬಿನ್ ಇರುವುದಿಲ್ಲ,
ಮೇಲೆ ಸೂಜಿ ಓಡಿದ್ದೇ ಓಡಿದ್ದು,
ಕೆಳಗೆ ಏನೂ ಹಿಡಿದಿರುವುದಿಲ್ಲ.
ಹಾಗೆಂದು ಅವಳಿಗೆ ಹೇಳಲಿಲ್ಲ. ಪಾತ್ರೆ ತಿಕ್ಕಿದೆ.
ಆರು, ಏಳು, ಹೇಗೆ ಕಳೆದವೋ.
ಸಂಜೆ ಏಳಕ್ಕೆ ಮಲಗಿದವನನ್ನು ನೋಡಿ
ಪಕ್ಕದ ಮನೆಯವರು ಜ್ವರವೇ ಎಂದು ಕೇಳಿ ಹೋದರಂತೆ.

ಎಂಟನೇ ರಾತ್ರಿ. ಒಂಬತ್ತು.
ಹೊರಗೆ ಓಣಿಯ ಶೆಡ್ಡುಗಳು ಎದ್ದು ಕೂತಿವೆ.
ಹೊಸಬರು ಮಳೆಯೆಂದುಕೊಳ್ಳುತ್ತಾರೆ,
ಈ ಊರಲ್ಲಿ ಮಳೆ ಇಷ್ಟು ಹೊತ್ತು ಹಿಡಿಯುವುದಿಲ್ಲ.
ವಲೀಸಾಬರ ಮೂರನೇ ಮಷೀನಿಗೆ ಯಾರೋ ಹುಡುಗ ಬಂದಿದ್ದಾನೆ,
ಜೇಬಿನ ಮೂಲೆಗೆ ಬಂದಾಗ ತಡೆಯುತ್ತಾನೆ,
ಕೇಳಿದರೆ ಗೊತ್ತಾಗುತ್ತದೆ.
ದಿಂಬಿನ ಪಕ್ಕ ಗಾದಿಲಿಂಗಪ್ಪ ಕೊಟ್ಟ ಚಾವಿ,
ಮೊಳದುದ್ದದ ಕಬ್ಬಿಣ, ತಣ್ಣಗೆ.
ಹೊದಿಕೆಯೊಳಗೆ ನನ್ನ ಬಲಗಾಲು
ಇಲ್ಲದ ಪೆಡಲು ಒತ್ತುತ್ತಲೇ ಇದೆ,
ಜೇಬಿನ ಮೇಲೆ ಜೇಬು, ಜೇಬಿನ ಮೇಲೆ ಜೇಬು.

ಹುಲಿಗೆಮ್ಮ ತನ್ನ ಪಾದವನ್ನು ಅದರ ಮೇಲಿಟ್ಟಳು.
ಶೆಡ್ಡಿನಲ್ಲಿ ನಮಗೆ ಯಾವಾಗ ನಿದ್ದೆ ಸಿಗುತ್ತಿತ್ತೆಂದು
ಎಂದೋ ಹೇಳಿದ್ದೆ, ನಾನೇ ಮರೆತಿದ್ದೆ.
ನೂರು ಮಷೀನು ಓಡುತ್ತಿರುವಾಗಲೇ
ಕಿವಿಯ ಬಳಿ ಬಂದು, ಕಳ್ಳಿ,
ಮೆಲ್ಲಗೆ ಅಂದಳು:
"ಕರೆಂಟು ಹೋತು. ಮಕ್ಕೋ."