ಬಾಕಿ ಮೂರು ರೂಪಾಯಿ

ಶ್ರೀನಗರದ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಟ್ಟೆ.
ನಾಲ್ಕನೆಯದನ್ನೂ ಬಿಡುತ್ತೇನೇನೋ.
ಹತ್ತುವವರು ತಳ್ಳುತ್ತಾರೆ, ಹತ್ತದೆ ನಿಂತದ್ದಕ್ಕೆ
ಬೈಯುತ್ತಾರೆ. ಬೈಯಲಿ.
ಇಪ್ಪತ್ತೇಳು ವರ್ಷ ಇಂಥದೇ ಬಾಗಿಲಲ್ಲಿ ನಿಂತು
‘ಮುಂದೆ ನಡೀರಿ, ಒಳಗೆ ಖಾಲಿ ಐತೆ’ ಅಂತ
ಸುಳ್ಳು ಹೇಳಿದವಳು ನಾನು.

ಮಿನೇಕೋಳ ಊರಲ್ಲಿ
ಒಳಗೆ ನಿಜಕ್ಕೂ ಖಾಲಿ ಇತ್ತು.

ನಮ್ಮ ಮಹಡಿ ರೂಮಿನಲ್ಲಿ ಎರಡು ವರ್ಷ
ಬಾಡಿಗೆಗಿದ್ದಳು ಹುಡುಗಿ, ರೇಷ್ಮೆಹುಳದ ಓದು.
ಹುಳ ಸೊಪ್ಪು ತಿನ್ನುವ ಸದ್ದನ್ನು ಫೋನಿನಲ್ಲಿ ಹಿಡಿದು ತಂದು
ನನ್ನ ಕಿವಿಗಿಡುತ್ತಿದ್ದಳು.
ಡಿಪೋದಿಂದ ಬಂದ ಕಿವಿ, ಏನೂ ಕೇಳುತ್ತಿರಲಿಲ್ಲ.
‘ನಮ್ಮೂರಿಗೆ ಬಾ ಅಕ್ಕ, ಕೇಳ್ಸತ್ತೆ’ ಅಂದಿದ್ದಳು.
ರಿಟೈರಾದ ದುಡ್ಡಲ್ಲಿ ಹೋದೆ.
ಕಾಶಿಗೆ ಹೋಗೋ ವಯಸ್ಸಲ್ಲಿ ಜಪಾನಂತೆ! ತಂಗಿ
ಚಕ್ಕುಲಿ ಡಬ್ಬಿ ಕಟ್ಟುತ್ತಲೇ ಸಿಡುಕಿದಳು.

ಹನ್ನೊಂದು ದಿನ ಮಾಡಿದ್ದೇನು? ಎಲ್ಲರೂ ಕೇಳುತ್ತಾರೆ.
ಬುಲೆಟ್ ರೈಲು? ಇಲ್ಲ.
ಬಸ್ಸು ಹತ್ತಿದೆ.
ದಿನಕ್ಕೆ ನಾಲ್ಕೇ ಸಲ ಬರುವ ಬಸ್ಸು,
ನಮ್ಮ ಸಿಟಿ ಬಸ್ಸಿನ ಮೊಮ್ಮಗಳಂಥದು.
ಎಂಟು ಇಪ್ಪತ್ತಕ್ಕೆ ಹತ್ತಿ
ಕೊನೆಯಲ್ಲಿ, ಮುಚ್ಚಿದ ಗರಗಸದ ಮಿಲ್ಲಿನೆದುರು ಇಳಿದು
ಎರಡು ಗಂಟೆ ಸುಮ್ಮನೆ ಕೂತು
ಅದೇ ಬಸ್ಸಲ್ಲಿ ವಾಪಸ್ಸು.

ಕಂಡಕ್ಟರಿಲ್ಲ. ನನ್ನ ಕೆಲಸ
ಒಂದು ಪೆಟ್ಟಿಗೆ ಮಾಡುತ್ತಿತ್ತು.
ನೋಟು ತೂರಿದರೆ ಚಿಲ್ಲರೆ ಉದುರುತ್ತದೆ,
ಲೆಕ್ಕ ಒಂದು ಬಿಲ್ಲೆಯಷ್ಟೂ ಆಚೀಚೆಯಿಲ್ಲ.
ಮೊದಲ ದಿನ ಅದನ್ನು ಒದೆಯಬೇಕೆನ್ನಿಸಿತು.

ಬಿಳಿ ಕೈಗವಸಿನ ಡ್ರೈವರು
ಯಾರೂ ಇಳಿಯದಿದ್ದರೂ ಪ್ರತಿ ನಿಲ್ದಾಣದ ಹೆಸರು ಹೇಳುತ್ತಿದ್ದ,
ಗದ್ದೆಗೋ, ನನಗೋ.
ನೇರಳೆ ಕೋಟಿನ ಅಜ್ಜಿಯೊಬ್ಬಳು ದಿನವೂ,
ಬಾಗಿದ ಬೆನ್ನು, ನೆಲ ಓದುತ್ತಾ ಬರುವವಳು.
ಅವಳು ಮೆಟ್ಟಿಲು ಹತ್ತಿ, ಕೂತು, ಕೋಲು ಒರಗಿಸಿ,
ಚೀಲ ತೊಡೆಗೇರಿಸಿಕೊಂಡು
ಅದರ ಮೇಲೆ ಕೈ ಮಡಿಚುವ ತನಕ
ಬಸ್ಸು ಕದಲುತ್ತಿರಲಿಲ್ಲ.
ನನ್ನ ತುಟಿಗೆ ವಿಜಲ್ ಬಂದು ಬಂದು ಹೋಗುತ್ತಿತ್ತು.
ರೈಟ್ ಅನ್ನಲು ಎದ್ದ ನಾಲಿಗೆಯನ್ನು
ಹಲ್ಲಿನ ಹಿಂದೆ ಕೂರಿಸಲು
ಐದು ದಿನ ಬೇಕಾಯಿತು.

ಆರನೆಯ ದಿನ ಅಜ್ಜಿ
ಸುಟ್ಟ ಗೆಣಸು ಮುರಿದು ಅರ್ಧ ಕೊಟ್ಟಳು.
ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ.
ಸಿಪ್ಪೆ ಎಲ್ಲಿ ಹಾಕಲಿ ಅಂತ ತಡಕಾಡಿದೆ,
ತನ್ನ ಚೀಲದ ಬಾಯಿ ಅಗಲಿಸಿ ಹಿಡಿದಳು.

ಮಿಲ್ಲಿನೆದುರು ಯಾರೂ ಕೊಯ್ಯದ ಹಿಪ್ಪುನೇರಳೆ.
ಹುಳ ಸಾಕುವುದು ನಿಂತು ಎಷ್ಟೋ ಕಾಲವಂತೆ,
ಮನೆಗಳ ಅಟ್ಟ ಮಾತ್ರ
ಹುಳುಗಳಿಗೆಂದು ಇನ್ನೂ ಎತ್ತರ.
ಸೊಪ್ಪಿನ ಸದ್ದು ಕೇಳಿಸಲಿಲ್ಲ, ಮಿನೇಕೋ.
ಕೇಳಿಸಿದ್ದು ಬೇರೆ.

ನವರಂಗ್ ಹತ್ತಿರ, ಯಾವುದೋ ಜೂನು.
ಯೂನಿಫಾರಂ ಹುಡುಗಿ, ಒಂದು ಜಡೆ ಬಿಚ್ಚಿಹೋಗಿದೆ.
ಟಿಕೆಟ್ಟಿನ ಹಿಂದೆ ನಾನೇ ಗೀಚಿದ ಮೂರು,
‘ಇಳಿವಾಗ ಇಸ್ಕೊ’ ಅಂದ ನನ್ನದೇ ಗಂಟಲು.
ಇಳಿದಳು. ಮೇಡಂ, ಅಂದಳು.
ಚೀಲದಲ್ಲಿ ಚಿಲ್ಲರೆ ಇತ್ತು.
ನಾನು ರೈಟ್ ಅಂದೆ.
ಬಸ್ಸಿನ ಪಕ್ಕ ಓಡಿದಳು, ನಾಲ್ಕು ಅಂಗಡಿ ದೂರ,
ಆಮೇಲೆ ನಿಂತಳು.
ನಿಂತದ್ದನ್ನು ನೋಡಿದ್ದೆ.
ನೋಡಿಲ್ಲ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಈಗ ಹೆಂಗಸರಿಗೆ ಟಿಕೆಟ್ಟು ಫ್ರೀ.
ಯಾರಿಗೆ ಅಂತ ಕೊಡಲಿ ಮೂರು ರೂಪಾಯಿ?

ಇಗೋ ಐದನೆಯ ಬಸ್ಸು.
ಕಂಡಕ್ಟರ್ ಹುಡುಗ ಗುರುತು ಹಿಡಿದ:
‘ಹತ್ತಿ ಮೇಡಂ, ಟೈಮಾಯ್ತು.’
ಹತ್ತಿದೆ. ಕಂಬಿ ಹಿಡಿದು ಬಾಗಿಲಲ್ಲೇ ನಿಂತೆ.
ನನ್ನ ಹಿಂದೆ ಅವರೆಕಾಯಿ ಚೀಲ ಹೊತ್ತು ಬಂದ ಅಜ್ಜಿ
ಸೀಟಿನ ಕಡೆ ಕೈ ಚಾಚಿ ಚಾಚಿ ನಡೆಯುತ್ತಾಳೆ.
ತಾಳಪ್ಪ, ಅಂದೆ.
ಹಿಂದೆ ಹಾರನ್ನು, ಹಾರನ್ನಿನ ಹಿಂದೆ ಹಾರನ್ನು.
ವಿಜಲ್ ಬಾಯಲ್ಲಿಟ್ಟುಕೊಂಡು ಹುಡುಗ
ನನ್ನ ಮುಖವನ್ನೇ ನೋಡುತ್ತಾನೆ.
ಚೀಲ ಇನ್ನೂ ತೊಡೆಗೇರಿಲ್ಲ.